ಬಾಯಿ ಮುಕ್ಕಳಿಸಿದ ನೀರು

“ನಮ್ಮ ಮನಿ ಹುಡುಗಿ ಸಾಲಿ ಕಲಸ್ತಾಳಂತ! ಆಗೂ ಮಾತೇನದು?” ಎಂದು ನಕ್ಕವರು ನನ್ನ ಸೋದರಮಾವ. ಮಳೆ ಕೈಕೊಟ್ಟ ವರ್ಷವದು. ನಮ್ಮೂರು ಸಂತಪುರ ಬಿಟ್ಟು ಪುಣೆಗೆ ಇಟ್ಟಿಗೆ ಹೊರಲು ಹೊರಟಿದ್ದರು. ನನ್ನನ್ನೂ ಕರೆದರು. ನಾನು ಹೋಗಲಿಲ್ಲ. ನಮ್ಮ ಮನೆಯಲ್ಲಿ ಮೊದಲು ಬಿ.ಎ. ಮುಗಿಸಿದವಳು ನಾನು, ಬೀದರಿನಲ್ಲಿ ಬಿ.ಎಡ್. ಸೇರಿದ್ದೆ.

ಮರುವರ್ಷ ಕಿಡ್ನಿಯ ಕಾಯಿಲೆ ಬಂತು. ಮುಖ, ಕಾಲು ಬಾತವು. ಸ್ಟೆರಾಯ್ಡ್ ಗುಳಿಗೆಗೆ ಬಾವು ಇಳಿಯಿತು. ಆದರೆ ಎರಡನೇ ತಿಂಗಳಿಗೆ ನಾಲಿಗೆಯ ಮೇಲೆ ಮೊಸರಿನಂಥ ಬಿಳುಪು ಕೂತಿತು.

ಒರೆಸಿದರೆ ರಕ್ತ.

ರೊಟ್ಟಿ ನುಂಗಲಾಗಲಿಲ್ಲ. ಮಾತೂ ಆಡಲಾಗಲಿಲ್ಲ. ಮೂರು ವಾರಕ್ಕೆ ಫೈನಲ್ ಲೆಸನ್. ಪರೀಕ್ಷಕರ ಎದುರು ತರಗತಿಗೆ ಪಾಠ ಹೇಳಬೇಕು.

“ಗುಳಿಗಿಂದ ಇಮ್ಯುನಿಟಿ ಕಮ್ಮಿ ಆಗ್ಯಾದ. ಬಾಯಾಗ ಫಂಗಸ್ ಬೆಳದದ. ಗುಳಿಗಿ ನೀವಾಗೇ ಬಂದ್ ಮಾಡಬ್ಯಾಡ್ರಿ,” ಎಂದ ಬೀದರಿನ ಡಾಕ್ಟರು ಬಾಯಿಗೆ ಹಚ್ಚುವ ಔಷಧ ಕೊಟ್ಟರು.

ನಮ್ಮ ಮನೆಯಲ್ಲಿ ಬಾಯಿಗೆ ಏನು ಸೋಕಿದರೂ ಮುಕ್ಕಳಿಸಲೇಬೇಕು. ನಾನು ಔಷಧ ಹಚ್ಚಿದೊಡನೆ ಅವ್ವ ತಂಬಿಗೆ ಹಿಡಿದು ನಿಲ್ಲುತ್ತಿದ್ದಳು. “ಎಂಜಲ ಬಾಯಿ ಹಂಗೇ ಇಟ್ಕೋಬ್ಯಾಡ, ಮುಕ್ಕಳಿಸವ್ವಾ.” ಟ್ಯಾಂಕರ್ ಮುಂದೆ ಸರತಿ ನಿಂತು ತಂದ ನೀರದು. ತನ್ನ ಸ್ನಾನ ಬಿಟ್ಟು ನನಗೆ ಉಳಿಸುತ್ತಿದ್ದಳು.

ಹತ್ತು ದಿನ ಕಳೆದರೂ ಬಿಳುಪು ಹೋಗಲಿಲ್ಲ. ಗಂಟಲಿಗೂ ಇಳಿಯಿತು.

ಮತ್ತೆ ಬೀದರ್. ಔಷಧ ಹೇಗೆ ಹಚ್ಚುತ್ತೀರಿ ಎಂದು ಡಾಕ್ಟರು ಕೇಳಿದರು. ಅವ್ವನೇ ಹೆಮ್ಮೆಯಿಂದ ಹೇಳಿದಳು: “ನೀರಿಂದು ಎಷ್ಟ್ ತ್ರಾಸ್ ಇದ್ರೂ ಹಚ್ಚಿದ ಮ್ಯಾಲ ಬಾಯಿ ತೊಳಸೀನ್ರಿ ಸಾಹೇಬ್ರ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಔಷಧಾನೇ ತೊಳದೀರಲ್ರಿ ಅವ್ವಾರ.”

ಅವ್ವ ನೆಲ ನೋಡಿದಳು. ತಪ್ಪು ಅವಳದಲ್ಲ. ಹಚ್ಚಿದ ಮೇಲೆ ಅರ್ಧ ತಾಸು ನೀರೂ ಕುಡಿಯಬಾರದೆಂದು ಸೀಸೆಯ ಮೇಲೇ ಬರೆದಿತ್ತು. ನಮ್ಮ ಮನೆಯಲ್ಲಿ ಓದಲು ಬರುತ್ತಿದ್ದವಳು ನಾನೊಬ್ಬಳೇ. ಪದವಿಯ ಹೆಮ್ಮೆ ಹೊತ್ತು ತಿರುಗುತ್ತಿದ್ದ ನಾನು ಸೀಸೆಯನ್ನೊಮ್ಮೆ ತಿರುಗಿಸಿ ನೋಡಿರಲಿಲ್ಲ.

ಫಂಗಸ್‌ಗೆ ಡಾಕ್ಟರು ನುಂಗುವ ಗುಳಿಗೆಯನ್ನೂ ಬರೆದರು. ಅಂದಿನಿಂದ ಮೊದಲು ಮುಕ್ಕಳಿಸುವುದು, ಆಮೇಲೆ ಔಷಧ. ಅವ್ವ ಖಾಲಿ ತಂಬಿಗೆ ಬೋರಲು ಹಾಕಿ, ಅರ್ಧ ತಾಸು ನನ್ನೆದುರೇ ಕಾವಲು ಕೂಡುತ್ತಿದ್ದಳು.

ಲೆಸನ್ ದಿನ ಬಾಯಿ ಪೂರ್ತಿ ಮಾದಿರಲಿಲ್ಲ. ಒಡಕು ದನಿಯಲ್ಲೇ ಪಾಠ ಮುಗಿಸಿದೆ. ಪಾಸಾದೆ.

ಸ್ಟೆರಾಯ್ಡ್ ಇನ್ನೂ ಪೂರ್ತಿ ನಿಂತಿಲ್ಲ. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುತ್ತೇನೆ.

ಮಾವ ದೀಪಾವಳಿಗೆ ಊರಿಗೆ ಬಂದಾಗ ಸರ್ಟಿಫಿಕೇಟನ್ನು ಅವರ ಕೈಗಿಟ್ಟೆ. ಅಂಗೈ ಧೋತರಕ್ಕೆ ಒರೆಸಿಕೊಂಡು ಹಿಡಿದರು. ಬಹಳ ಹೊತ್ತು ನೋಡಿ, ನನಗೇ ತಿರುಗಿ ಕೊಟ್ಟರು.

“ಬಾಯಿ ಆರಾಮ್ ಅದ ಏನವ್ವಾ? ಹಂಗಾದ್ರ ಜೋರಲೆ ಓದು. ಓಣಿಗೆಲ್ಲ ಕೇಳ್ಲಿ.”