ಎರ್ಮಿನ್ ದೊಡ್ಡಮ್ಮನ ಆರ್ಡೆನ್ ಕುದುರೆ

ನನ್ನ ದೊಡ್ಡಮ್ಮ ಎರ್ಮಿನ್ ಆರ್ಡೆನ್ ಗುಡ್ಡಗಾಡಿನ ಸೆಮುವಾ ಹೊಳೆಯಂಚಿನ ಕಾಡಿನಲ್ಲಿ ಮರದ ದಿಮ್ಮಿ ಎಳೆಸಿ ಬದುಕಿದವಳು. ಗಂಡ ಮರದಡಿ ಸಿಕ್ಕಿ ಸತ್ತಾಗ, "ಹೆಂಗಸು ದಿಮ್ಮಿ ಎಳೆಸೋದಾ?" ಎಂದು ನಕ್ಕವರ ಮುಂದೆಯೇ ಅವನ ಹೆಣ್ಣು ಕುದುರೆ ರೂಸೆಟ್ಟನ್ನು ಹಿಡಿದು ಕಾಡಿಗೆ ಹೋದಳು.

ರೂಸೆಟ್ ಅಪ್ಪಟ ಆರ್ಡೆನ್ ತಳಿ. ಗಿಡ್ಡ ಕಾಲು, ಗೊರಸು ಮುಚ್ಚುವ ಕೂದಲು, ಬಾಗಿಲು ತುಂಬುವ ಎದೆ. ಈ ತಳಿಯವು ನೆಪೋಲಿಯನ್ನನ ಫಿರಂಗಿಗಳನ್ನು ರಷ್ಯಾದ ಹಿಮದವರೆಗೂ ಎಳೆದವು, ಸೈನಿಕರು ಸತ್ತರೂ ತಾವು ಮನೆಗೆ ಮರಳಿದವು ಎಂದು ನಮ್ಮ ಮುದುಕರು ಕೊಚ್ಚಿಕೊಳ್ಳುತ್ತಾರೆ. ಚಾಟಿ ಬೇಕಿಲ್ಲ, ಮಾತು ಸಾಕು. 'ಹಾರ್' ಎಂದರೆ ಎಡಕ್ಕೆ, 'ಹೊಟ್' ಎಂದರೆ ಬಲಕ್ಕೆ.

೧೯೧೭ರಲ್ಲಿ ಊರನ್ನು ಹಿಡಿದಿದ್ದ ಜರ್ಮನ್ ಸೈನ್ಯ ನಮ್ಮ ಕಾಡನ್ನು ಕಡಿದು ಸಾಗಿಸತೊಡಗಿತು. ಕುದುರೆಗಳನ್ನೂ ಎಳೆದೊಯ್ದರು. ರೂಸೆಟ್ ಮಾತ್ರ ಅವರ ಕೈಯಲ್ಲಿ ಒಂದು ಹೆಜ್ಜೆಯೂ ಇಡಲಿಲ್ಲ. ಚಾಟಿ ಬೀಸಿದಷ್ಟೂ ಕಿವಿ ಹಿಂದಕ್ಕೆ ಮಡಚಿ ನಿಂತಿತು. ಅಧಿಕಾರಿ ದೊಡ್ಡಮ್ಮನನ್ನು ಕರೆಸಿದ.

"ಏನಂದ್ರೆ ನಡೆಯತ್ತೆ ಇದು? ನನ್ನ ಹುಡುಗರಿಗೆ ಹೇಳಿಕೊಡು."

"ನಮ್ಮ ಕುದುರೆಗೆ ನಮ್ಮ ಮಾತಷ್ಟೇ ಗೊತ್ತು ಸಾಹೇಬ್ರೆ. ನಿಮ್ಮ ನಾಲಿಗೇಲಿ ಅದು ಹೊರಳಲ್ಲ."

"ಗುಂಡು ಹೊಡೆಸ್ತೀನಿ."

"ಹೊಡೆಸಿ. ಆಮೇಲೆ ದಿಮ್ಮಿಗೆ ನೀವೇ ಹೆಗಲು ಕೊಡಿ."

ಸೈನಿಕನೊಬ್ಬ ನಗು ತಡೆಯಲಾರದೆ ಕೆಮ್ಮಿದ. ಅಧಿಕಾರಿಯ ಮುಖ ಕೆಂಪೇರಿತು. "ಹಾಗಾದ್ರೆ ನೀನೇ ನಡೆಸು."

ಕುದುರೆಯ ಪಕ್ಕೆಯಲ್ಲೆದ್ದ ಬಾಸುಂಡೆಗಳನ್ನು ದೊಡ್ಡಮ್ಮ ಸವರಿದಳು. ದಿಮ್ಮಿಗೆ ಸರಪಳಿ ಬಿಗಿದು ಹೊರಟಳು. ಏರಿನ ತುದಿಯಲ್ಲಿ ದಾರಿ ಕವಲೊಡೆಯುತ್ತದೆ: ಎಡಕ್ಕೆ ರೈಲು ನಿಲ್ದಾಣ, ಬಲಕ್ಕೆ ಕಡಿದಾದ ಇಳಿಜಾರು, ಕೆಳಗೆ ಹೊಳೆ. "ಹೊಟ್" ಎಂದಳು. ರೂಸೆಟ್ ಬಲಕ್ಕೆ ತಿರುಗಿತು. ದಿಮ್ಮಿ ಅಂಚಿಗೆ ಬಂದೊಡನೆ ದೊಡ್ಡಮ್ಮ ಕೊಕ್ಕೆ ಕಳಚಿದಳು. ದಿಮ್ಮಿ ಪೊದೆಗಳನ್ನು ಮುರಿಯುತ್ತ ಉರುಳಿ ಹೊಳೆಗೆ ಬಿತ್ತು.

"ಏನು ಮಾಡ್ದೆ ನೀನು?" ಹಿಂದೆಯೇ ಬರುತ್ತಿದ್ದ ಅಧಿಕಾರಿ ಕೂಗಿದ.

"ನಮ್ಮ ಮರ, ನಮ್ಮ ಹೊಳೆ. ನಿಮ್ಮ ಗಂಟೇನು ಹೋಯ್ತು?"

ಯುದ್ಧ ಮುಗಿಯುವವರೆಗೂ ಅವಳನ್ನು ಸೆರೆಯಲ್ಲಿಟ್ಟರು. ರೂಸೆಟ್ಟನ್ನು ರಣರಂಗಕ್ಕೆ ಅಟ್ಟಿದರು, ಅದು ಮರಳಲಿಲ್ಲ. ಬಿಡುಗಡೆಯಾಗಿ ಬಂದ ದೊಡ್ಡಮ್ಮ ಬರಿದಾದ ಲಾಯದಲ್ಲಿ ಕೂತು ಅತ್ತದ್ದನ್ನು ನನ್ನಮ್ಮ ಒಬ್ಬಳೇ ಕಂಡಿದ್ದು.

ಪರಿಹಾರವೆಂದು ಸರ್ಕಾರದವರು ಉದ್ದ ಕಾಲಿನ ಸವಾರಿ ಕುದುರೆಯೊಂದನ್ನು ತಂದರು. "ಮೆರವಣಿಗೆಗೆ ಚೆಂದ ಇದೆ. ವಾಪಸ್ ಹೊಡ್ಕೊಂಡು ಹೋಗಿ," ಎಂದಳು. ಗುಡ್ಡದಾಚೆಯ ರೈತನೊಬ್ಬ ಸೈನ್ಯದ ಕಣ್ಣು ತಪ್ಪಿಸಿ ಕೆಲವು ಆರ್ಡೆನ್ ಕುದುರೆಗಳನ್ನು ಉಳಿಸಿಕೊಂಡಿದ್ದ. ದೊಡ್ಡಮ್ಮ ಸೆರೆಯಲ್ಲಿ ಬತ್ತಿದ ಮೈಯಲ್ಲೇ ಒಂದು ಚಳಿಗಾಲ ಅವನಿಗೆ ದುಡಿದು, ಕೂಲಿಯ ಬದಲು ಒಂದು ಹೆಣ್ಣು ಮರಿ ಪಡೆದು ಊರ ನಡುವಿನ ದಾರಿಯಲ್ಲೇ ನಡೆಸಿಕೊಂಡು ಬಂದಳು.

"ಇದು ದಿಮ್ಮಿ ಎಳೆಯೋ ಹೊತ್ತಿಗೆ ನೀನಿರ್ತೀಯಾ ಎರ್ಮಿನ್?" ಎಂದ ಪಕ್ಕದ ಮನೆಯವನು.

"ಇರ್ದೆ ಎಲ್ಲಿಗೆ ಹೋಗ್ಲಿ?"

ಆ ಮರಿಯನ್ನಷ್ಟೇ ಅಲ್ಲ, ಅದರ ಮಗಳನ್ನೂ ಪಳಗಿಸಿಯೇ ಅವಳು ಕಣ್ಣು ಮುಚ್ಚಿದ್ದು.