ಇಸಿಜಿ ನಾರ್ಮಲ್ ಬಂತು

ಶನಿವಾರ ಬೆಳಿಗ್ಗೆ ಐಸೆಲಿನ್‌ನ ಇಂಡಿಯನ್ ದಿನಸಿ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದೆ. ಕಟ್ಟು ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದೆ. ಎದೆಯ ಮೇಲೆ ಯಾರೋ ಕೂತಂತಾಯಿತು. ಉಸಿರು ಅರ್ಧಕ್ಕೇ ನಿಂತಿತು. ಅಲ್ಲೇ ಅಕ್ಕಿ ಮೂಟೆಯ ಮೇಲೆ ಕುಸಿದೆ. ಕೌಂಟರಿನಲ್ಲಿದ್ದ ಗುಜರಾತಿ ಆಂಟಿ ನೀರು ಕುಡಿಸಿ ಆಂಬ್ಯುಲೆನ್ಸ್ ಕರೆಸಿದರು. ಸ್ಟ್ರೆಚರ್ ಮೇಲೆ ಮಲಗಿಯೂ ನಾನು ಹೇಳುತ್ತಿದ್ದದ್ದು ಒಂದೇ ಮಾತು: ಕಾರಿನಲ್ಲಿ ಅತ್ತೆಯ ಇನ್ಸುಲಿನ್ ಇದೆ, ಬಿಸಿಲಿಗೆ ಕೆಟ್ಟುಹೋಗುತ್ತದೆ.

ಎಮರ್ಜೆನ್ಸಿ ರೂಮಿನಲ್ಲಿ ಇಸಿಜಿ ಮಾಡಿದರು, ಬ್ಲಡ್ ಟೆಸ್ಟ್ ಮಾಡಿದರು. ಎಳೆಯ ವಯಸ್ಸಿನ ಡಾಕ್ಟರ್ ನಗುತ್ತಾ ಬಂದ. "ಗುಡ್ ನ್ಯೂಸ್. ಯುವರ್ ಹಾರ್ಟ್ ಈಸ್ ಫೈನ್. ಇದು ಪ್ಯಾನಿಕ್ ಅಟ್ಯಾಕ್" ಎಂದ.

ನನಗೆ ನಿರಾಸೆಯಾಯಿತು.

ಇದನ್ನು ಬರೆಯಲು ಈಗಲೂ ನಾಚಿಕೆ. ಹೃದಯಕ್ಕೆ ಏನಾದರೂ ಆಗಿದ್ದರೆ ನಾಲ್ಕು ದಿನ ಆ ಮಂಚದ ಮೇಲೆ ಸುಮ್ಮನೆ ಮಲಗಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ ಎಂದು ಮನಸ್ಸು ಒಳಗೊಳಗೇ ಆಸೆಪಟ್ಟಿತ್ತು.

ಮದುವೆಯಾಗಿ ಈ ದೇಶಕ್ಕೆ, ವೆಸ್ಟ್ ವಿಂಡ್ಸರ್‌ಗೆ ಬಂದಾಗಿನಿಂದ ನನಗೆ ಗಟ್ಟಿಗಿತ್ತಿ ಎಂದೇ ಹೆಸರು. ಗಂಡ ಶ್ರೀಧರ್ ಪ್ರಾಜೆಕ್ಟ್ ಕೆಲಸಕ್ಕೆಂದು ವಾರವಿಡೀ ಬೇರೆ ಊರಿನಲ್ಲಿರುತ್ತಾರೆ. ಅತ್ತೆಯ ಔಷಧಿ, ಮಗಳು ಅನಘಳ ಹೈಸ್ಕೂಲು, ಮ್ಯಾನ್‌ಹ್ಯಾಟನ್‌ನ ಆಫೀಸಿಗೆ ರೈಲಿನಲ್ಲಿ ಓಡಾಟ, ಎಲ್ಲವೂ ನನ್ನದೇ. ಆಫೀಸಿನಲ್ಲಿ ಇಬ್ಬರು ಕೆಲಸ ಬಿಟ್ಟಾಗ ಮ್ಯಾನೇಜರ್ ಅವರ ಕೆಲಸವನ್ನೂ ನನಗೇ ದಾಟಿಸಿ, "ಯೂ ಕ್ಯಾನ್ ಹ್ಯಾಂಡಲ್ ಇಟ್" ಎಂದ. ಹಬ್ಬದ ಅಡುಗೆ ವಹಿಸುವಾಗ ಕನ್ನಡ ಬಳಗದವರು ಇದೇ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಹೊಗಳಿಕೆ ಎಂದೇ ನಾನು ತಿಳಿದಿದ್ದೆ.

ಆ ಸಂಜೆ ಶ್ರೀಧರ್ ಫೋನಿನಲ್ಲಿ ಕೇಳಿದರು, "ನಾನು ಬರ್ಲಾ?"

"ಬೇಡ, ಏನಿಲ್ಲ" ಎಂದೆ. ಅಭ್ಯಾಸ.

"ಹಾರ್ಟ್ ಸರಿಯಿದೆಯಲ್ಲ, ಮತ್ತೇನು? ನೀನೇ ಹಿಂಗೆ ಕೂತ್ಬಿಟ್ರೆ ಮನೆ ಗತಿ ಏನಮ್ಮ?" ಎಂದರು ಅತ್ತೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು.

ಸೋಮವಾರ ಸ್ಟೇಷನ್ ತಲುಪಿದವಳಿಗೆ ಕಾರಿನಿಂದ ಇಳಿಯಲಾಗಲಿಲ್ಲ. ರೈಲು ಬಂತು, ಹೋಯಿತು. ಇನ್ನೊಂದೂ ಹೋಯಿತು. ಸ್ಟೀರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟೆ.

ಮತ್ತೆ ಡಾಕ್ಟರ ಬಳಿ ಹೋದಾಗ ಡಿಪ್ರೆಶನ್ ಎಂದರು. ಮಾತ್ರೆ, ಮೆಡಿಕಲ್ ಲೀವ್, ಥೆರಪಿ. ಥೆರಪಿಸ್ಟ್ ನನ್ನದೇ ವಯಸ್ಸಿನ ಕಪ್ಪು ಜನಾಂಗದ ಹೆಂಗಸು. ಕೊನೆಯ ಸಲ ಯಾರಲ್ಲಿ ಸಹಾಯ ಕೇಳಿದಿರಿ ಎಂದು ವಿಚಾರಿಸಿದರು. ಒಂದು ಹೆಸರೂ ನೆನಪಾಗಲಿಲ್ಲ. ಆಮೇಲೆ, ತಮ್ಮ ತಾಯಿ ಜ್ವರದಲ್ಲೂ ಎಲ್ಲರ ಬಟ್ಟೆ ಮಡಚುತ್ತಿದ್ದರು, ಮನೆಯವರು ಅದನ್ನು ನೋಡಿ ಹೆಮ್ಮೆಪಡುತ್ತಿದ್ದರೇ ಹೊರತು ಅವರ ಕೈಯಿಂದ ಬಟ್ಟೆ ಯಾರೂ ತೆಗೆದುಕೊಳ್ಳಲಿಲ್ಲ ಎಂದರು. ವಾರಕ್ಕೆ ಒಂದು ಸಲವಾದರೂ 'ಆಗಲ್ಲ' ಅನ್ನಿ ಎಂದು ಕಳಿಸಿದರು.

ನನ್ನಿಂದ ಅದೂ ಆಗಲಿಲ್ಲ.

ಬಳಗದ ಸುಮಾ ಹಬ್ಬದ ಊಟಕ್ಕೆ ಚಿತ್ರಾನ್ನ ಮಾಡಿಕೊಡಲು ಕೇಳಿ ಫೋನ್ ಮಾಡಿದಾಗ ನಾನು ಸೋಫಾದಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದೆ. "ಆಯ್ತು" ಎನ್ನುವಷ್ಟರಲ್ಲಿ ಅನಘ ಫೋನ್ ಕಿತ್ತುಕೊಂಡಳು.

"ಆಂಟಿ, ಅಮ್ಮಾ ಕಾಂಟ್. ನೋ, ಶೀ ಈಸ್ ನಾಟ್ ಬಿಜಿ. ಶೀ ಈಸ್ ಸಿಕ್."

ಅತ್ತೆ ಬೆಚ್ಚಿದರು. "ಹಂಗೆಲ್ಲ ಯಾಕೆ ಹೇಳ್ದೆ? ಜನ ಏನಂದ್ಕೋತಾರೆ?"

"ಅಜ್ಜಿ, ಇಟ್ಸ್ ಟ್ರೂ" ಎಂದಳು ಅನಘ. ಫೋನನ್ನು ನನಗೆ ವಾಪಸ್ ಕೊಡಲಿಲ್ಲ. ಇವಳು ಇಷ್ಟು ದಿನ ಎಲ್ಲವನ್ನೂ ನೋಡುತ್ತಿದ್ದಳು ಎಂದು ನನಗೆ ಆಗ ಹೊಳೆಯಿತು. ಮುಂದೆ ಇವಳನ್ನೂ ಗಟ್ಟಿಗಿತ್ತಿ ಎನ್ನುತ್ತಾರೆ ಎನಿಸಿ ಹೆದರಿದೆ.

ಶ್ರೀಧರ್‌ಗೆ ಫೋನ್ ಮಾಡಿದೆ. "ಬನ್ನಿ" ಎಂದೆ. ಮಾರನೆಯ ದಿನ ಬಂದರು. ಈಗ ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಪಡೆದಿದ್ದಾರೆ.

ಪೂರ್ತಿ ಗುಣವಾಗಿಲ್ಲ. ಆಫೀಸಿಗೆ ಅರ್ಧ ಹೊತ್ತು ಹೋಗುತ್ತೇನೆ. ಕೆಲವು ದಿನ ಬೆಳಿಗ್ಗೆ ತಲೆ ಬಾಚುವುದೂ ಬೆಟ್ಟ. ಮಾತ್ರೆ ಕೈಗೆ ಕೊಡುವ ಅತ್ತೆ ಅದನ್ನು ಇನ್ನೂ "ವಿಟಮಿನ್" ಎನ್ನುತ್ತಾರೆ. ಅನ್ನಲಿ.

ಮೊನ್ನೆ ಮಂಚದಲ್ಲಿದ್ದೆ. ಅತ್ತೆ, ಶ್ರೀಧರ್ ಸೇರಿ ಉಪ್ಪಿಟ್ಟು ಮಾಡುತ್ತಿದ್ದರು. ಅಡುಗೆಮನೆಯಲ್ಲಿ ದಬಾರನೆ ಏನೋ ಬಿತ್ತು. ತಟ್ಟನೆ ಎದ್ದು ಕೂತೆ. ಕಾಲು ನೆಲಕ್ಕೆ ತಾಗಿತ್ತು.

"ಏನಾಗಿಲ್ಲ, ಮಲ್ಕೊ!" ಅತ್ತೆ ಅಲ್ಲಿಂದಲೇ ಕೂಗಿದರು.

ಸೀದ ವಾಸನೆ ಬಂತು. ಕಾಲು ಮೇಲೆ ಎಳೆದುಕೊಂಡು, ಹೊದ್ದು ಮಲಗಿದೆ.