ಕಾಗದದಲ್ಲಿ ಸಾಯದ ಜೀಪು

ಜೀಪು ನನ್ನ ಹೆಸರಿನಲ್ಲಿತ್ತು. ನನಗೆ ಸೈಕಲ್ ಸಹ ಹೊಡೆಯಲು ಬರುತ್ತಿರಲಿಲ್ಲ. ಆಗ ನಮ್ಮ ಯಜಮಾನರಿಗೆ ಸಾಡೇಸಾತಿ ನಡೆದಿತ್ತು, ಕಬ್ಬಿಣದ ವ್ಯವಹಾರ ಅವರ ಹೆಸರಿನಲ್ಲಿ ಬೇಡ ಎಂದು ಪಂಚಾಂಗ ನೋಡುವ ಅಯ್ಯನವರು ಹೇಳಿದ್ದರಂತೆ. ಕೊಟ್ಟೂರಿನ ಬಜಾರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅವರು ಶನಿಗೆ ಹೆದರಿ, ಕಾಗದದ ಮೇಲೆಲ್ಲ ನನ್ನ ಹೆಸರು ಬರೆಸಿದರು. ಅವರ ಶನಿ ಹೀಗೆ ನನ್ನ ಹೆಗಲೇರಿತು. ಒಂದು ದಿನವೂ ಆ ಜೀಪಿನ ಮುಂದಿನ ಸೀಟಿನಲ್ಲಿ ಕೂತವಳಲ್ಲ ನಾನು. ಕೊನೆಗೆ ಅದರ ಸೂತಕ ಕಳೆಯಲು ಊರೂರು ತಿರುಗಿದವಳು ಮಾತ್ರ ನಾನೇ.

ಅದು ಯಾರೋ ಓಡಿಸಿ ಬಿಟ್ಟ ಹಳೇ ಜೀಪು. ಕೊಟ್ಟೂರಿನಿಂದ ಹರಪನಹಳ್ಳಿಗೆ, ಸಂತೆಯ ದಿನ ಹಗರಿಬೊಮ್ಮನಹಳ್ಳಿಗೆ, ಭಕ್ತರು ಸಿಕ್ಕರೆ ಉಜ್ಜಿನಿಗೆ, ಹೀಗೆ ಬಾಡಿಗೆಗೆ ಓಡುತ್ತಿತ್ತು. ಓಡಿಸುತ್ತಿದ್ದವನು ಗುಡೇಕೋಟೆ ಕಡೆಯವನು, ಕುರಿ ಸಾಕುವ ಮನೆತನದವನು. ಅಣ್ಣತಮ್ಮಂದಿರೆಲ್ಲ ಕುರಿಯ ಹಿಂದೆ ಹೋದರೆ ಇವನೊಬ್ಬ ಲಾರಿಯ ಹಿಂದೆ ಹೋಗಿ ಕ್ಲೀನರ್ ಆಗಿದ್ದ, ಆಮೇಲೆ ಡ್ರೈವರ್ ಆಗಿ ನಮ್ಮಲ್ಲಿಗೆ ಬಂದಿದ್ದ. ನನಗಿಂತ ದೊಡ್ಡವನಾದರೂ ನನ್ನನ್ನು ಅಕ್ಕಾರ ಎನ್ನುತ್ತಿದ್ದ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಎಲ್ಲರ ಅನ್ನ ಅವನ ಸ್ಟಿಯರಿಂಗಿನ ಮೇಲೆ ಇತ್ತು.

ನಮ್ಮ ಸೀಮೆಯಲ್ಲಿ ಹುರುಳಿ ಕಿತ್ತ ಮೇಲೆ ಕಣ ಮಾಡುವವರು ಆಗಲೇ ಕಡಿಮೆಯಾಗಿದ್ದರು. ಕಣ ಎಂದರೆ ಸಗಣಿ ಸಾರಿಸಬೇಕು, ಎತ್ತು ಬೇಕು, ಎತ್ತಿಗೆ ಎಳೆಯಲು ರೋಣಗಲ್ಲು ಬೇಕು. ಟಾರು ರಸ್ತೆಗೆ ಇದೇನೂ ಬೇಡ. ಬೆಳಿಗ್ಗೆ ಒಣಗಿದ ಹುರುಳಿ ಬಳ್ಳಿಯನ್ನು ರಸ್ತೆಯ ಮೇಲೆ ಹಾಸಿದರೆ ಬಸ್ಸು, ಲಾರಿ ತುಳಿದು ತುಳಿದು ಸಂಜೆಗೆ ಕಾಳು ಬೇರೆ, ಹೊಟ್ಟು ಬೇರೆ. ನಾವೇನೂ ಸಾಚಾಗಳಲ್ಲ. ಹರಪನಹಳ್ಳಿ ರಸ್ತೆಗೆ ಹತ್ತಿಕೊಂಡೇ ನಮ್ಮದೂ ಎರಡು ಎಕರೆ ಹೊಲವಿತ್ತು, ನಮ್ಮ ಹುರುಳಿಯೂ ವರ್ಷವರ್ಷ ಅದೇ ಟಾರಿನ ಮೇಲೆ ಬೀಳುತ್ತಿತ್ತು.

ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿ ಇನ್ನೂ ಹೊಸತು. ಆ ದಿನ ಮಧ್ಯಾಹ್ನ ನಮ್ಮ ಜೀಪು ತುಂಬ ಜನರನ್ನು ತುಂಬಿಕೊಂಡು ಆ ಕಡೆ ಹೋಗುತ್ತಿತ್ತು. ಜಿಲ್ಲೆಯ ಗಡಿ ದಾಟಿ ಸ್ವಲ್ಪ ಮುಂದೆ ಒಬ್ಬ ಮುದುಕಿ ಹುರುಳಿ ಹಾಸಿಕೊಂಡು ಕೂತಿದ್ದಳು. ಬೆಳಿಗ್ಗೆಯಿಂದ ಗಾಡಿಗಳು ಸರಿಯಾಗಿ ಬಂದಿಲ್ಲ, ಎರಡು ಸಲ ಹಿಂದೆ ಮುಂದೆ ಮಾಡಪ್ಪ ಎಂದು ಕೈ ಮುಗಿದಳಂತೆ. ನಮ್ಮ ಕಡೆಯ ಡ್ರೈವರುಗಳು ಇದಕ್ಕೆ ಇಲ್ಲ ಎನ್ನುವುದಿಲ್ಲ. ಅವನು ರಿವರ್ಸ್ ತೆಗೆದುಕೊಂಡ, ಮುಂದೆ ಹೋದ, ಮತ್ತೆ ರಿವರ್ಸ್ ತೆಗೆದುಕೊಂಡ. ಬಳ್ಳಿ ಕೆಳಗೆ ತಿರುಗುವ ಷಾಫ್ಟಿಗೆ ಸುತ್ತಿಕೊಂಡದ್ದು ಯಾರಿಗೂ ತಿಳಿಯಲಿಲ್ಲ. ಸೈಲೆನ್ಸರಿನ ಬಿಸಿಗೆ ಹೊಗೆಯೆದ್ದು, ಬೆಂಕಿಯಾಗಿ, ಮೇಲಿನ ಟಾಪು ಹತ್ತಿಕೊಂಡು, ನೋಡುನೋಡುತ್ತಿದ್ದಂತೆ ಜೀಪು ಉರಿದುಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ಜೀವಕ್ಕೂ ಏನೂ ಆಗಲಿಲ್ಲ. ಎಲ್ಲರೂ ಇಳಿದಿದ್ದರು. ಡ್ರೈವರ್ ಚುರುಕಾಗಿದ್ದ, ಹಾಗಾಗಿ ಉಳಿದರು ಎಂದು ಊರಿನಲ್ಲಿ ಮಾತಾಯಿತು. ನಾನೂ ಅದನ್ನೇ ನಂಬಿದೆ.

ಸುಟ್ಟಿದ್ದು ಸುಟ್ಟಿತು, ಕಬ್ಬಿಣ ಗುಜರಿಗೆ ಹಾಕಿ ಕೈ ತೊಳೆದುಕೊಂಡರಾಯಿತು ಎಂದು ನಾವು ಸುಮ್ಮನಿದ್ದೆವು. ಅಷ್ಟರಲ್ಲಿ ಅದೇ ಜೀಪಿಗೆ ತೆರಿಗೆ ಕಟ್ಟಿ ಎಂದು ನನ್ನ ಹೆಸರಿಗೆ ಚೀಟಿ ಬಂತು. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಆರ್‌ಟಿಓ ಕಚೇರಿಗೆ ಹೋದೆ. ಯಜಮಾನರು ಅಂಗಡಿ ಬಿಟ್ಟು ಬರಲಾರರು. ಬಂದಿದ್ದರೂ ಸಹಿ ನನ್ನದೇ ಬೇಕಿತ್ತು. ಅಲ್ಲಿನ ಸಾಹೇಬರು ಒಳ್ಳೆಯವರೇ. ಕೂರಿಸಿ, ನೀರು ಕೊಡಿಸಿ, ನಿಧಾನವಾಗಿ ಹೇಳಿದರು:

"ನಿಮ್ಮ ಪಾಲಿಗೆ ಸುಟ್ಟೈತಿ ತಾಯಿ. ನಮ್ಮ ಪಾಲಿಗೆ ಇನ್ನೂ ರೋಡಿನ ಮ್ಯಾಲೆ ಓಡಾಕ ಹತ್ತೈತಿ."

ನೋಂದಣಿ ರದ್ದಾಗುವವರೆಗೂ ಅದು ಓಡುತ್ತಲೇ ಇರುತ್ತದಂತೆ. ರದ್ದು ಮಾಡಲು ಆರ್‌ಸಿ ಪುಸ್ತಕ ಬೇಕು, ಚಾಸಿಯ ಮೇಲೆ ನಂಬರು ಕೊರೆದ ತುಂಡು ಬೇಕು, ಹೇಗೆ ಸುಟ್ಟಿತು ಎಂದು ಪೊಲೀಸರು ಬರೆದುಕೊಟ್ಟ ವರದಿ ಬೇಕು. ಆರ್‌ಸಿ ಪುಣ್ಯಕ್ಕೆ ಅಂಗಡಿಯ ಗಲ್ಲೆಯಲ್ಲಿತ್ತು. ಚಾಸಿ ತುಂಡಿಗೆ ಹರಪನಹಳ್ಳಿಯಿಂದ ಗ್ಯಾಸ್ ವೆಲ್ಡಿಂಗಿನವನನ್ನು ಕರೆದುಕೊಂಡು ಹೋಗಿ, ರಸ್ತೆ ಬದಿಯಲ್ಲಿ ಬಿದ್ದಿದ್ದ ಕರಿ ಎಲುಬುಗೂಡಿನಿಂದ ಕತ್ತರಿಸಿ ತಂದೆ. ಅಲ್ಲಿ ಉಳಿದಿದ್ದೇ ಅಷ್ಟು. ಸೀಟಿನ ಸ್ಪ್ರಿಂಗುಗಳನ್ನೂ ಯಾರೋ ಕಿತ್ತೊಯ್ದಿದ್ದರು. ಚೀಲದಲ್ಲಿ ಆ ಕಬ್ಬಿಣ ಇಟ್ಟುಕೊಂಡು ಬಸ್ಸು ಹತ್ತಿದರೆ ಕಂಡಕ್ಟರು, ಇಷ್ಟು ಭಾರ ಏನ್ರಿ ಅದು, ಲಗೇಜು ಆಗ್ತೈತಿ ಎಂದ. ನನಗೆ ತಲೆ ಚಿಟ್ಟು ಹಿಡಿದಿತ್ತು. ಸತ್ತ ಜೀಪಿಂದು, ಹೊಳಿಗೆ ಬಿಡಾಕ ಒಯ್ತೀನಿ ಎಂದೆ. ಆಮೇಲೆ ಅವನು ನನ್ನ ತಂಟೆಗೆ ಬರಲಿಲ್ಲ.

ಕಷ್ಟವಿದ್ದದ್ದು ಪೊಲೀಸ್ ವರದಿಯಲ್ಲಿ. ಗಡಿಯಾಚೆ ಸುಟ್ಟಿದ್ದರಿಂದ ಆಚೆ ಜಿಲ್ಲೆಯ ಠಾಣೆ. ಹೋದಾಗಲೆಲ್ಲ ಸಾಹೇಬರು ಇಲ್ಲ, ಇದ್ದಾಗ ಬರೆಯುವವರು ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಬೆಂಚಿನ ಮೇಲೆ ಕೂತು ಕೂತು ನನಗೆ ಆ ಗಾದೆಯ ಮೇಲೇ ಜಿಗುಪ್ಸೆ ಬಂದಿತ್ತು. ಬುತ್ತಿಯ ರೊಟ್ಟಿ ಅಲ್ಲೇ ತಿಂದು, ನಲ್ಲಿಯ ನೀರು ಕುಡಿದು, ಬಸ್ಸು ತಪ್ಪುವ ಮೊದಲು ಎದ್ದು ಬರುವುದು. ಕಾಲು ಬಾತುಕೊಂಡಿತ್ತು. ಕೊನೆಗೊಂದು ದಿನ ಅಲ್ಲಿನ ಬರವಣಿಗೆಯವರು ವರದಿಯ ಕರಡು ನನ್ನ ಮುಂದಿಟ್ಟರು. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಸಹಿ ಹಾಕುವ ಮುಂಚೆ ಓದುತ್ತೇನೆ. ಚಾಲಕನ ನಿರ್ಲಕ್ಷ್ಯದಿಂದ ವಾಹನಕ್ಕೆ ಬೆಂಕಿ ತಗುಲಿ ಎಂದು ಬರೆದಿತ್ತು.

ಇದು ಯಾಕೆ ಎಂದು ಕೇಳಿದೆ. ಯಾವಾಗಲೂ ಹೀಗೇ ಬರೆಯುವುದು, ಬೇಡವಾದರೆ ರಸ್ತೆಗೆ ಹುರುಳಿ ಹಾಕಿದವರ ಹೆಸರು ಹೇಳಿ, ಅವರ ಮೇಲೆ ಬರೆಯೋಣ ಎಂದರು. ಅವರ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಅಕ್ಕಿ ಬೇಕೋ ಜೋಳ ಬೇಕೋ ಎಂದು ಕೇಳಿದಂತಿತ್ತು. ನಾನು ಸಹಿ ಹಾಕದೆ ಎದ್ದು ಬಂದೆ.

ಮನೆಗೆ ಬಂದು ಹೇಳಿದರೆ ಯಜಮಾನರು ತಕ್ಕಡಿಯಿಂದ ತಲೆಯನ್ನೂ ಎತ್ತಲಿಲ್ಲ. ಬರೆದರೆ ಬರೆಯಲಿ, ಡ್ರೈವರಿಗೇನು ನೇಣು ಹಾಕುತ್ತಾರಾ ಎಂದರು. ನೇಣು ಹಾಕುವುದಿಲ್ಲ ನಿಜ. ಆದರೆ ಹಡಗಲಿಯ ಒಬ್ಬ ಲಾರಿ ಮಾಲೀಕರು ಅವನನ್ನು ಕೆಲಸಕ್ಕೆ ಕೇಳಿದ್ದರು, ಸ್ಟೇಷನ್ ಕಾಗದ ಹೇಗೆ ಬರುತ್ತದೆ ನೋಡಿ ಆಮೇಲೆ ಬಾ ಎಂದಿದ್ದರು. ನಿರ್ಲಕ್ಷ್ಯ ಎಂಬ ಒಂದು ಮಾತು ಬಿದ್ದರೆ ಆ ಲಾರಿಯೂ ಇಲ್ಲ, ಬೇರೆ ಯಾವ ಗಾಡಿಯೂ ಇಲ್ಲ. ಅವನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ನಮ್ಮ ಬಾಗಿಲಿಗೆ ಎರಡು ಸಲ ಬಂದು ಕಟ್ಟೆಯ ಮೇಲೆ ಕೂತು ಏನೋ ಹೇಳಲು ನೋಡಿದ. ನೀನು ಸುಮ್ಮನಿರಣ್ಣ, ನಾನದೀನಿ ಎಂದು ನಾನೇ ಬಾಯಿ ಮುಚ್ಚಿಸಿ ಚಹಾ ಕೊಟ್ಟು ಕಳಿಸಿದೆ.

ಆ ವಾರವೇ, ಸ್ಟೇಷನ್ನಿನ ಸುದ್ದಿ ಹೇಗೋ ಕಿವಿಗೆ ಬಿದ್ದು, ಹುರುಳಿ ಹಾಸಿದ್ದ ಮುದುಕಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಸೆರಗಿನ ಉಡಿಯಲ್ಲಿ ಹುರುಳಿ ಕಟ್ಟಿಕೊಂಡಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ. ಹೊಸ್ತಿಲ ಮುಂದೆ ಉಡಿ ಬಿಚ್ಚಿ ಹುರುಳಿ ಸುರಿದಳು.

"ನನ್ನ ಹೆಸರು ಬರೀರಿ ಯವ್ವಾ. ಆ ಡ್ರೈವರಂದು ಬರೀಬ್ಯಾಡ್ರಿ. ಅವ ನನ್ನ ಮಾತು ಕೇಳಿ ಹಿಂದ ಮುಂದ ಮಾಡ್ಯಾನ."

ಇಂಥವಳ ಹೆಸರನ್ನು ಯಾವ ಕೈಯಿಂದ ಬರೆಸಲಿ? ಅತ್ತ ದರಿ, ಇತ್ತ ಪುಲಿ. ಹೊಸ್ತಿಲಲ್ಲಿ ಕೂತು ಅವಳ ಹುರುಳಿಯನ್ನು ಒಂದೊಂದೇ ಕಾಳು ಮೊರಕ್ಕೆ ತುಂಬುತ್ತಿದ್ದಂತೆ ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಮುದುಕಿಯ ಮೇಲೆ, ಡ್ರೈವರಿನ ಮೇಲೆ, ಶನಿಯನ್ನು ನನಗೆ ದಾಟಿಸಿ ತಣ್ಣಗೆ ಬೆಲ್ಲ ತೂಗುತ್ತಿದ್ದ ಗಂಡನ ಮೇಲೆ.

ಮರುದಿನ ಠಾಣೆಗೆ ಹೋಗಿ, ಬೆಂಚಿನ ಮೇಲೆ ಕೂರದೆ ನೇರ ಮೇಜಿನ ಮುಂದೆ ನಿಂತೆ.

"ಹುರುಳಿ ನಮ್ದು. ನಮ್ಮ ಹೊಲದ್ದು. ರಸ್ತಿಗೆ ಹಾಕಿಸಿದಾಕಿ ನಾನು. ತುಳಿಸು ಅಂತ ಡ್ರೈವರಿಗೆ ಹೇಳಿದಾಕಿನೂ ನಾನು. ಬರ್ಕೋರಿ."

ಬರವಣಿಗೆಯವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ನಿಮ್ಮ ಗಾಡಿಗೆ ನೀವೇ ಬೆಂಕಿ ಇಟ್ಟುಕೊಂಡಂತಾಯಿತು ಎಂದರು. ಆಯಿತು ಬಿಡಿ ಎಂದೆ. ನಮ್ಮ ಹೊಲ ಆ ರಸ್ತೆಗೇ ಇತ್ತಲ್ಲ, ಯಾರೂ ತಕರಾರು ತೆಗೆಯಲಿಲ್ಲ. ರಸ್ತೆಗೆ ಅಡ್ಡ ಮಾಡಿದ್ದಕ್ಕೆ ದಂಡ ಹಾಕಿದರು, ಕಟ್ಟಿದೆ. ವರದಿಯಲ್ಲಿ ಚಾಲಕನ ಮೇಲೆ ಒಂದಕ್ಷರ ಬೀಳಲಿಲ್ಲ.

ಕೊಟ್ಟೂರು ತುಂಬ ಸುದ್ದಿಯಾಯಿತು. ತನ್ನ ಹುರುಳಿಗೆ ತನ್ನ ಜೀಪು ಸುಟ್ಟುಕೊಂಡ ಜಾಣೆ ಎಂದು ಅಂಗಡಿಗೆ ಬಂದವರೆಲ್ಲ ನಕ್ಕರು. ಯಜಮಾನರು ಎಷ್ಟೋ ದಿನ ನನ್ನ ಜೊತೆ ಮಾತಾಡದೆ ಉಂಡರು. ಉಣ್ಣಲಿ ಎಂದುಕೊಂಡೆ. ಎಲ್ಲ ಕಾಗದ, ಆ ಕಬ್ಬಿಣದ ತುಂಡು ಹಿಡಿದು ಮತ್ತೆ ಆರ್‌ಟಿಓ ಕಚೇರಿಗೆ ಹೋದೆ. ಇನ್‌ಸ್ಪೆಕ್ಟರು ತುಂಡಿನ ನಂಬರನ್ನು ಆರ್‌ಸಿಗೆ ಹೋಲಿಸಿ ನೋಡಿದರು. ಅದಾದ ಮೇಲೂ ಎರಡು ಮೂರು ಸಲ ಅಲೆಸಿ, ಒಂದು ಮಧ್ಯಾಹ್ನ ರದ್ದು ಎಂದು ಠಸ್ಸೆ ಹೊಡೆದು ಕೊಟ್ಟರು. ಖುಷಿಯೇನೂ ಆಗಲಿಲ್ಲ. ಮನೆಗೆ ಹೋಗಿ ಮಲಗಿದರೆ ಸಾಕೆನಿಸಿತು. ಆದರೂ ಬಸ್ಸಿನಲ್ಲಿ ಕೂತು ಒಬ್ಬ ಮನುಷ್ಯನ ಅನ್ನ ಉಳಿಸಿದೆ ಎಂದು ಒಳಗೊಳಗೆ ಬೀಗಿದ್ದು ಸುಳ್ಳಲ್ಲ.

ಅದಾಗಿ ಕೆಲವು ವಾರಕ್ಕೆ ಹಡಗಲಿಯ ಮಾಲೀಕರು ನಮ್ಮ ಅಂಗಡಿಗೆ ಹೇಳಿ ಕಳಿಸಿದರು: ಕಾಗದ ಸರಿಯಾಗಿದೆ, ಲಾರಿ ನಿಂತಿದೆ, ನಿಮ್ಮ ಡ್ರೈವರ್ ಯಾಕೆ ಬಂದಿಲ್ಲ? ನನಗೆ ಮೈಯೆಲ್ಲ ಉರಿಯಿತು. ಕೂಡ್ಲಿಗಿಗೆ ಹೋಗಿ, ಅಲ್ಲಿಂದ ಗುಡೇಕೋಟೆ ಬಸ್ಸು ಹಿಡಿದು, ಇಳಿದು ನಡೆದು, ಅವನ ಹಟ್ಟಿ ಮುಟ್ಟಿದೆ. ಗುಡ್ಡದ ಬುಡದಲ್ಲಿ ಕುರಿ ನಿಲ್ಲಿಸಿಕೊಂಡು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ. ನನ್ನನ್ನು ಕಂಡು ಕಂಬಳಿಯನ್ನು ಕಲ್ಲಿನ ಮೇಲೆ ಹಾಸಿ ಕೂರ್ರಿ ಎಂದ. ನಾನು ಕೂರಲಿಲ್ಲ. ನಿನಗಾಗಿ ಊರ ಬಾಯಿಗೆ ಬಿದ್ದೆ, ಸುಳ್ಳು ಬರೆಸಿದೆ, ಕಾಲು ಸವೆಸಿದೆ, ನೀನಿಲ್ಲಿ ಕುರಿ ಎಣಿಸುತ್ತಾ ನಿಂತಿದ್ದೀಯಲ್ಲ, ನಾಚಿಕೆ ಆಗುವುದಿಲ್ಲವೇ ಎಂದು ಬಾಯಿಗೆ ಬಂದಂತೆ ಬೈದೆ. ಮುಗಿಯುವವರೆಗೂ ತಲೆ ತಗ್ಗಿಸಿ ಕೇಳಿದ. ಆಮೇಲೆ ಹೇಳಿದ:

"ಹೊಗಿ ಎದ್ದಿದ್ದು ನೋಡಿ ಮೊದ್ಲ ಜಿಗಿದಾಂವ ನಾನ ಅಕ್ಕಾರ. ಹಿಂದ ಹದಿಮೂರು ಜನ ಅದಾರ ಅನ್ನೋದು ಮರತ್ಹೋತು. ಗಾಡಿ ಇನ್ನೂ ಉರುಳಾಕ ಹತ್ತಿತ್ತು. ಅವರವರ ಇಳದ್ರು. ಒಬ್ಬಾಕಿ ತನ್ನ ಕೂಸಿನ ಎಸದು ತಾನು ಬಿದ್ಲು."

ನಾನು ಕೂತೆ. ಕುರಿಗಳು ನಮ್ಮ ಸುತ್ತಲೇ ಮೇಯುತ್ತಿದ್ದವು. ಯಾರಿಗೂ ಏನೂ ಆಗಲಿಲ್ಲವಲ್ಲ ಅಣ್ಣ ಎಂದೆ. ಆಗಲಿಲ್ಲ ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಾಕ ಬಂದಿದ್ನಿ. ನೀವು ಚಾ ಕೊಟ್ಟು ಕಳಿಸಿದ್ರಿ." ದೂರ ಸರಿದಿದ್ದ ಒಂದು ಮರಿಯನ್ನು ಹಿಂಡಿಗೆ ತಿರುಗಿಸಿ ಮತ್ತೆ ಹೇಳಿದ: "ಆ ಸ್ಟೇಷನ್ನಿನಾಂವ ಬರೆದಿದ್ದು ಖರೇ ಇತ್ತು. ಅದನ್ನ ಹಂಗ ಇಟ್ಟಿದ್ರ ನನಗ ಹಗುರ ಆಗ್ತಿತ್ರಿ."

ಸಂಜೆಯ ಬಸ್ಸಿಗೆ ರಸ್ತೆಯವರೆಗೂ ಬಂದು ಹತ್ತಿಸಿದ. ಕೂಡ್ಲಿಗಿಯವರೆಗೂ ಕಿಟಕಿಗೆ ತಲೆ ಕೊಟ್ಟು ಅತ್ತೆ. ಯಾರಿಗಾಗಿ ಎಂದು ಕೇಳಿದರೆ ಇವತ್ತಿಗೂ ಹೇಳಲು ಬರುವುದಿಲ್ಲ.

ಅವನು ಮತ್ತೆ ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಲೈಸೆನ್ಸಿಗೆ ಏನೂ ಆಗಿಲ್ಲ. ಅವನ ಮೇಲೆ ಎಲ್ಲಿಯೂ, ಯಾರೂ, ಒಂದಕ್ಷರ ಬರೆದಿಲ್ಲ. ನಾನು ಬರೆಯಗೊಡಲಿಲ್ಲ.